ತಿರಸ್ಕೃತ ಚಿತ್ರಪಟವೊಂದರ ಪುನರ್ವಿಚಾರ



ಗತವರ್ಷದ ಮಳೆಗಾಲದಲ್ಲಿ ಒಂದು ದಿನ ಮಧ್ಯಾಹ್ನದ ವಿರಾಮದ ವೇಳೆ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು ನಮ್ಮ ಬಳಿಗೆ ಬಂದನು. ರಜೆಯಲ್ಲಿ ತಾನು ‘ಸ್ಟಾರ್ ವಾರ್ಸ್’ ಮಾಲಿಕೆಯ ಒಂದು ಚಿತ್ರಪಟವನ್ನು ನೋಡಿದೆನೆಂದೂ, ಅದು ತನಗೆ ಬಹಳ ಹಿಡಿಸಿತೆಂದೂ ಹೇಳಿದನು. ಯಾವುದೆಂದು ಕೇಳಲು ‘ದಿ ಫ್ಯಾಂಟಮ್ ಮೆನೇಸ್’ ಎಂದನು. ನಾವು ನಕ್ಕು, “ಎಲ್ಲಕ್ಕಿಂತ ಕೆಟ್ಟದ್ದು ಅದೇ ಅಂತಾರಲ್ಲ!” ಎಂದೆವು. ಹುಡುಗನು ಕ್ಷಣಹೊತ್ತು ಸುಮ್ಮನಿದ್ದು, “ಸರ್, ನೀವು ನೋಡೀರೇನ್ರಿ?” ಎಂದು ಕೇಳಿದನು.

ನಾವು ನೋಡಿರಲಿಲ್ಲ. ಮಾಲಿಕೆಯ ಹಳೆಯ ಮೂರು ಚಿತ್ರಗಳನ್ನು ಮಾತ್ರ ನೋಡಿದ್ದೆವು. ಇದರ ವಿಷಯದಲ್ಲಿ ಪರರ ತೀರ್ಪನ್ನೇ ನಮ್ಮದೆಂದು ಭಾವಿಸಿ ಮಾತನಾಡಿದ್ದೆವು. ಪ್ರತಿದಿನ ನಿಮಗೆ “ಸ್ವತಃ ಓದಿ, ಸ್ವತಃ ಯೋಚಿಸಿ” ಎಂದು ಬೋಧಿಸುವ ನಮಗೆ ಆ ಪ್ರಶ್ನೆಯು ಸಾಕಷ್ಟು ನಾಚಿಕೆಯನ್ನುಂಟುಮಾಡಿತು. ಬರುವ ರವಿವಾರವೇ ಆ ಚಿತ್ರವನ್ನು ನೋಡಿದೆವು. ಒಂದು ಕಾಲಕ್ಕೆ ಕೋಟ್ಯವಧಿ ಜನರನ್ನು ನಿರಾಶೆಗೊಳಿಸಿದ ಕೃತಿಯನ್ನು ಇಪ್ಪತ್ತೈದು ವರ್ಷಗಳ ತರುವಾಯ ಅನೇಕರು ಆದರದಿಂದ ನೋಡುವಂತಾದುದು ಹೇಗೆ, ಎಂಬುದನ್ನು ನಮಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇವೆ.

ಮೊದಲು ಮಾಲಿಕೆಯ ಪರಿಚಯ. 1977ರ ಮೇ 25ರಂದು ಅಮೇರಿಕೆಯಲ್ಲಿ ಜಾರ್ಜ್ ಲ್ಯೂಕಾಸ್ ಎಂಬ ನಿರ್ದೇಶಕನ ‘ಸ್ಟಾರ್ ವಾರ್ಸ್’ ತೆರೆಕಂಡಿತು. ಮರುಭೂಮಿಯಂಥ ಗ್ರಹವೊಂದರಲ್ಲಿ ಬೆಳೆದ ಲ್ಯೂಕ್ ಸ್ಕೈವಾಕರ್ ಎಂಬ ತರುಣನು ಕ್ರೂರ ಸಾಮ್ರಾಜ್ಯವೊಂದನ್ನು ಎದುರಿಸುವ ಕಥೆ ಅದು. ವಿಶ್ವವನ್ನೆಲ್ಲ ವ್ಯಾಪಿಸಿದ ‘ಫೋರ್ಸ್’ ಎಂಬ ಶಕ್ತಿ, ಅದನ್ನು ಸಾಧಿಸಿದ ‘ಜೆಡಾಯ್’ ಎಂಬ ತಪಸ್ವಿ-ಯೋಧರು, ಬೆಳಕಿನ ಖಡ್ಗಗಳು, ಕರಿಯ ಮುಖವಾಡದ ಖಳ ಡಾರ್ತ್ ವೇಡರ್ – ಇವೆಲ್ಲ ಜನರ ಮನಸ್ಸನ್ನು ಸೂರೆಗೊಂಡವು. 1980ರ ಎರಡನೆಯ ಚಿತ್ರದಲ್ಲಿ ಆ ವೇಡರನೇ ಲ್ಯೂಕನ ತಂದೆಯೆಂಬ ರಹಸ್ಯ ಬಯಲಾಯಿತು. 1983ರ ಮೂರನೆಯದರಲ್ಲಿ ತಂದೆಯು ಮಗನನ್ನುಳಿಸಲು ತನ್ನ ಪ್ರಾಣವನ್ನೇ ತೆತ್ತನು. ವಿಶೇಷವೆಂದರೆ 1980ರ ಚಿತ್ರವು ತನ್ನನ್ನು ‘ಐದನೆಯ ಪರ್ವ’ವೆಂದು ಕರೆದುಕೊಂಡಿತ್ತು. ಹಾಗಾದರೆ ಮೊದಲ ಮೂರು ಪರ್ವಗಳೆಲ್ಲಿ? ಒಳ್ಳೆಯವನಾಗಿದ್ದ ಅನಾಕಿನ್ ಸ್ಕೈವಾಕರ್ ಎಂಬವನು ವೇಡರನಾದುದು ಹೇಗೆ? ಈ ಪ್ರಶ್ನೆಯು ಪ್ರೇಕ್ಷಕರ ಮನಸ್ಸಿನಲ್ಲಿ ಉಳಿದೇ ಉಳಿಯಿತು.

ಹೀಗೆ ಮುಂದಿನದನ್ನು ಮೊದಲು ಹೇಳಿ, ಹಿಂದಿನದನ್ನು ಆಮೇಲೆ ಹೇಳುವುದಕ್ಕೆ ಪೂರ್ವಕಥೆಯೆನ್ನಬಹುದು. ಕನ್ನಡದಲ್ಲಿಯೂ 2022ರ ‘ಕಾಂತಾರ’ಕ್ಕೆ 2025ರಲ್ಲಿ ಪೂರ್ವಕಥೆಯ ಚಿತ್ರ ಬಂದುದನ್ನು ನೀವು ಬಲ್ಲಿರಿ. ಇಂಥ ಕಥೆಯಲ್ಲಿ ‘ಮುಂದೇನಾಗುವುದು’ ಎಂಬ ಕುತೂಹಲವಿರುವುದಿಲ್ಲ. ‘ಹೇಗಾಯಿತು’ ಎಂಬುದೇ ಮುಖ್ಯ. ದುರ್ಯೋಧನನ ತೊಡೆ ಮುರಿಯುವುದೆಂದು ಬಲ್ಲ ಜನರೇ ಬೆಳತನಕ ಕುಳಿತು ಬಯಲಾಟ ನೋಡುವರಷ್ಟೆ! ಅವರನ್ನು ಕೂಡ್ರಿಸುವುದು ಕಥೆಯ ಕೊನೆಯಲ್ಲ, ಕಥೆ ನಡೆಯುವ ರೀತಿ. ಆದುದರಿಂದ ಪೂರ್ವಕಥೆಯನ್ನು ರಚಿಸುವವನ ಹೊಣೆ ಹೆಚ್ಚಿನದು.

ಪ್ರೇಕ್ಷಕರು ಹದಿನಾರು ವರ್ಷ ಕಾದರು. 1977ರಲ್ಲಿ ಒಂಬತ್ತು ವರ್ಷದವನಾಗಿದ್ದ ಹುಡುಗ 1999ರಲ್ಲಿ ಮೂವತ್ತೊಂದರ ಗೃಹಸ್ಥನಾಗಿದ್ದನು. ಈ ಅವಧಿಯಲ್ಲಿ ಅವನು ಹಳೆಯ ಚಿತ್ರಗಳನ್ನು ಮನೆಯಲ್ಲಿ ಮತ್ತೆ ಮತ್ತೆ ನೋಡಿದ್ದನು. ಮುಂಬರುವ ಕಥೆಯನ್ನು ತನ್ನ ಮನಸ್ಸಿನಲ್ಲಿಯೇ ನೂರು ಸಲ ಕಟ್ಟಿಕೊಂಡಿದ್ದನು. 1998ರ ನವೆಂಬರದಲ್ಲಿ ಹೊಸ ಚಿತ್ರದ ಎರಡು ನಿಮಿಷದ ತುಣುಕು ಚಿತ್ರಮಂದಿರಗಳಿಗೆ ಬಂದಾಗ, ಅದಕ್ಕಾಗಿಯೇ ಬೇರೊಂದು ಚಿತ್ರದ ಟಿಕೇಟು ಕೊಂಡು, ತುಣುಕು ಮುಗಿದೊಡನೆ ಎದ್ದುಹೋದವರಿದ್ದರು. ಬಿಡುಗಡೆಗೆ ಹಲವು ವಾರಗಳ ಮುಂಚೆಯೇ ಲಾಸ್ ಏಂಜಲಿಸ್ ನಗರದ ಚಿತ್ರಮಂದಿರಗಳ ಹೊರಗೆ ಪಾಳಿ ಹಚ್ಚಿ ಬೀಡುಬಿಟ್ಟವರೂ ಇದ್ದರು. ಕೊನೆಗೆ 1999ರ ಮೇ 19ರಂದು ‘ದಿ ಫ್ಯಾಂಟಮ್ ಮೆನೇಸ್’, ಎಂದರೆ ‘ಮರೆಯಲ್ಲಿರುವ ಅಪಾಯ’, ತೆರೆಕಂಡಿತು.

ಹಣದ ದೃಷ್ಟಿಯಿಂದ ಚಿತ್ರವು ಸೋಲಲಿಲ್ಲ. ಸುಮಾರು 11.5 ಕೋಟಿ ಡಾಲರುಗಳ ವೆಚ್ಚಕ್ಕೆ ಪ್ರತಿಯಾಗಿ ಅದೇ ಬಿಡುಗಡೆಯಲ್ಲಿ ಜಗತ್ತಿನಾದ್ಯಂತ 92 ಕೋಟಿಗೂ ಮಿಕ್ಕಿ ಗಳಿಸಿತು. ಆದರೆ ಹಳೆಯ ಅಭಿಮಾನಿಗಳ ಮುಖ ಬಾಡಿತು. ಅವರ ದೂರುಗಳು ನಿರಾಧಾರವಾಗಿರಲಿಲ್ಲ. ವೀರಗಾಥೆಯನ್ನು ನಿರೀಕ್ಷಿಸಿದವರಿಗೆ ಮೊದಲೇ ಎದುರಾದುದು ವ್ಯಾಪಾರಮಾರ್ಗಗಳ ತೆರಿಗೆಯ ತಂಟೆ ಮತ್ತು ಸಭೆಯ ವಾದವಿವಾದ. ಘೋರ ವೇಡರನ ಮೂಲವನ್ನು ಕಾಣಬಂದವರಿಗೆ ಸಿಕ್ಕಿದವನು ಒಂಬತ್ತು ವರ್ಷದ ನಗುಮೊಗದ ಹುಡುಗ. ಸಂಭಾಷಣೆ ಮರಗಟ್ಟಿದಂತಿತ್ತು. 1980ರ ಚಿತ್ರಕ್ಕೆ ಲ್ಯೂಕಾಸನ ಕಥೆಯಿದ್ದರೂ ಚಿತ್ರಕಥೆ ಬರೆದವರು ಮತ್ತು ನಿರ್ದೇಶಿಸಿದವರು ಬೇರೆಯವರು. ಈ ಸಲ ಬರವಣಿಗೆ, ನಿರ್ದೇಶನ ಎರಡೂ ಆತನೊಬ್ಬನ ಕೈಯಲ್ಲಿದ್ದವು. ನಿಗೂಢವಾಗಿದ್ದ ‘ಫೋರ್ಸ್’ ಶಕ್ತಿಯನ್ನು ರಕ್ತಪರೀಕ್ಷೆಯಿಂದ ಎಣಿಸಬಹುದಾದ ಸೂಕ್ಷ್ಮಜೀವಿಗಳೊಡನೆ ಗಂಟುಹಾಕಿದುದು ಭಕ್ತಿಗೆ ಭಂಗ ತಂದಿತು. ಎಲ್ಲಕ್ಕೂ ಮಿಗಿಲಾಗಿ, ಜಾರ್ ಜಾರ್ ಬಿಂಕ್ಸ್ ಎಂಬ ಉದ್ದಗಿವಿಯ ವಿದೂಷಕನ ಎಡವಾಟ ಹಿರಿಯರಿಗೆ ಸಹನೆಯಾಗಲಿಲ್ಲ. ಅವನ ಮಾತಿನ ಧಾಟಿಯು ಕೆರಿಬಿಯನ್ ಪ್ರದೇಶದ ಕರಿಯ ಜನರನ್ನು ಅಣಕಿಸುವಂತಿದೆಯೆಂಬ ಗಂಭೀರವಾದ ಆಕ್ಷೇಪವೂ ಬಂದಿತು.

ಇಲ್ಲಿಯವರೆಗಿನದು ವಿಮರ್ಶೆ. ಅನಂತರ ನಡೆದುದು ವಿಮರ್ಶೆಯಲ್ಲ. ಜಾರ್ ಜಾರ್ ಪಾತ್ರವನ್ನು ಅಭಿನಯಿಸಿದ ಅಹಮದ್ ಬೆಸ್ಟ್ ಎಂಬ ತರುಣ ನಟನ ಮೇಲೆ ದ್ವೇಷದ ಮಳೆಯೇ ಸುರಿಯಿತು. ಆಗ ತನಗೆ ಜೀವವೇ ಬೇಡವಾಗಿತ್ತೆಂದು ಆತನು 2018ರಲ್ಲಿ ಬಹಿರಂಗವಾಗಿ ಹೇಳಿಕೊಂಡನು. ಅನಾಕಿನನ ಪಾತ್ರ ವಹಿಸಿದ ಬಾಲಕ ಜೇಕ್ ಲಾಯ್ಡ್ ಚಿತ್ರ ತೆರೆಕಂಡಾಗ ಹತ್ತು ವರ್ಷದವನು. ಶಾಲೆಯಲ್ಲಿ ಸಹಪಾಠಿಗಳು ತನ್ನನ್ನು ಹಾಸ್ಯಮಾಡಿ ಪೀಡಿಸಿದರೆಂದು ಅವನು ಮುಂದೆ ತಿಳಿಸಿದನು; 2001ರ ಹೊತ್ತಿಗೆ ನಟನೆಯನ್ನೇ ಬಿಟ್ಟನು. ಸಂಭಾಷಣೆಯನ್ನು ಬರೆದವನು ಆ ಬಾಲಕನೇ? ಪಾತ್ರವನ್ನು ಕಲ್ಪಿಸಿದವನು ಆ ನಟನೇ? ಕೃತಿಯ ಮೇಲಿನ ಸಿಟ್ಟನ್ನು ಅದರಲ್ಲಿ ದುಡಿದವರ ಮೇಲೆ, ಅದರಲ್ಲಿಯೂ ಅತಿ ದುರ್ಬಲನಾದವನ ಮೇಲೆ, ತೀರಿಸಿಕೊಂಡುದು ಈ ಇತಿಹಾಸದ ಅತ್ಯಂತ ಲಜ್ಜಾಸ್ಪದವಾದ ಭಾಗ.

ಹಾಗಾದರೆ ಅಭಿಪ್ರಾಯ ಬದಲಾದುದೇಕೆ? ಇದಕ್ಕೆ ಹಲವು ಕಾರಣಗಳಿವೆ.

ಮೊದಲನೆಯದಾಗಿ, 1999ರ ಮಕ್ಕಳು ದೊಡ್ಡವರಾದರು. ಅವರಿಗೆ ಈ ಚಿತ್ರವೇ ಆ ಲೋಕದ ಹೆಬ್ಬಾಗಿಲು. ಹೋಲಿಸಿ ನೋಡಲು ಅವರಲ್ಲಿ ಹಳೆಯ ನೆನಪಿರಲಿಲ್ಲ. ವಾಹನಗಳ ಓಟದ ಪಂದ್ಯ ಅವರ ಎದೆ ಝಲ್ಲೆನಿಸಿತ್ತು. ಜಾರ್ ಜಾರ್ ಎಡವಿದಾಗ ಅವರು ಮನಸಾರೆ ನಕ್ಕಿದ್ದರು. ಆಗ ಅವರ ಮಾತಿಗೆ ಬೆಲೆಯಿರಲಿಲ್ಲ. ಬರೆಯುವವರು, ತೀರ್ಪುಕೊಡುವವರು ಹಿರಿಯರೇ ಆಗಿದ್ದರು. ಈಗ ಆ ಮಕ್ಕಳೇ ಮೂವತ್ತು ದಾಟಿ ತಮ್ಮ ಮಾತನ್ನು ತಾವೇ ಹೇಳುತ್ತಿದ್ದಾರೆ.

ಎರಡನೆಯದಾಗಿ, ಕಥೆ ಪೂರ್ಣವಾಯಿತು. 2002 ಮತ್ತು 2005ರಲ್ಲಿ ಉಳಿದೆರಡು ಪೂರ್ವಪರ್ವಗಳು ಬಂದವು. 2008ರಿಂದ ‘ದಿ ಕ್ಲೋನ್ ವಾರ್ಸ್’ ಎಂಬ ಸಚೇತನ ಚಿತ್ರಮಾಲೆ ನಡುವಣ ಕಥೆಯನ್ನು ವಿಸ್ತರಿಸಿತು. ಆಗ ಆ ನೀರಸವಾದ ತೆರಿಗೆಯ ತಂಟೆಯ ಅರ್ಥ ಹೊಳೆಯಿತು. ಪಾಲ್ಪಟೀನ್ ಎಂಬ ಸಭಾಸದನು ತನ್ನ ಸ್ವಂತ ಗ್ರಹಕ್ಕೆ ತಾನೇ ಮರೆಯಲ್ಲಿದ್ದು ಸಂಕಟ ತಂದೊಡ್ಡುತ್ತಾನೆ. ಆ ಸಂಕಟವನ್ನೇ ತೋರಿಸಿ ಅಧ್ಯಕ್ಷಪದವಿಗೇರುತ್ತಾನೆ. ಮುಂದೆ ಯುದ್ಧಭಯವನ್ನು ಹುಟ್ಟಿಸಿ ವಿಶೇಷಾಧಿಕಾರ ಪಡೆಯುತ್ತಾನೆ. ಕೊನೆಗೆ ಸಭೆಯ ಕರತಾಡನದ ನಡುವೆಯೇ ಗಣರಾಜ್ಯವನ್ನು ಸಾಮ್ರಾಜ್ಯವೆಂದು ಘೋಷಿಸುತ್ತಾನೆ. ಆ ವಿಶೇಷಾಧಿಕಾರದ ಸೂಚನೆಯನ್ನು ಸಭೆಯಲ್ಲಿ ಮಂಡಿಸುವವನಾರೆಂದರೆ, ಸದುದ್ದೇಶದ, ಅಮಾಯಕನಾದ ಜಾರ್ ಜಾರ್! ಜನತಂತ್ರವು ಶತ್ರುವಿನ ದಾಳಿಯಿಂದಲ್ಲದೆ ತನ್ನದೇ ಮತದಾನದಿಂದ ಅಳಿಯಬಹುದೆಂಬ ಪೌರನೀತಿಯ ಪಾಠವೇ ಇದರಲ್ಲಿದೆ. ಮೊದಲ ನೋಟಕ್ಕೆ ಬೇಸರ ತಂದುದು ಎರಡನೆಯ ನೋಟಕ್ಕೆ ಬೀಜವಾಗಿ ಕಂಡಿತು.

ಮೂರನೆಯದಾಗಿ, ಹೋಲಿಸುವ ವಸ್ತು ಬದಲಾಯಿತು. 2012ರಲ್ಲಿ ಲ್ಯೂಕಾಸನ ಸಂಸ್ಥೆಯನ್ನು ಡಿಸ್ನಿ ಕೊಂಡಿತು. 2015, 2017, 2019ರಲ್ಲಿ ಬೇರೆಯವರ ಕೈಯಿಂದ ಮುಂದಿನ ಮೂರು ಪರ್ವಗಳು ಹೊರಬಂದವು. ಅವುಗಳಲ್ಲಿ ಮೊದಲನೆಯದು ಚೆನ್ನಾಗಿದೆಯೆಂದು ಬಹುಜನರು ಒಪ್ಪಿದರೂ, 1977ರ ಕಥೆಯನ್ನೇ ತಿರುಗಿ ಹೇಳಿತೆಂಬ ಮಾತೂ ಕೇಳಿಬಂತು. ಆಗ ಹಲವರಿಗೆ ಅನಿಸಿತು: 1999ರ ಚಿತ್ರ ಎಡವಿತು ನಿಜ, ಆದರೆ ಅದು ಎಡವಿದುದು ಹೊಸ ದಾರಿಯಲ್ಲಿ.

ನಾಲ್ಕನೆಯದಾಗಿ, ಕೈಗೆಲಸದ ಹಿರಿಮೆ ನಿಧಾನವಾಗಿ ಮನಗಾಣಿತು. ಜಾರ್ ಜಾರ್ ಪಾತ್ರವನ್ನು ಜರಿದವರೂ ಒಂದು ಮಾತನ್ನು ಒಪ್ಪಬೇಕಾಯಿತು. ನಟನ ಚಲನೆಯನ್ನು ಯಂತ್ರದಿಂದ ಗ್ರಹಿಸಿ, ಗಣಕಯಂತ್ರದಿಂದ ಇಡೀ ದೇಹವನ್ನೇ ರಚಿಸಿ, ಅಂಥ ಪಾತ್ರವನ್ನು ಚಿತ್ರದ ಉದ್ದಕ್ಕೂ ಮನುಷ್ಯರ ನಡುವೆ ನಡೆಸಿದ ಆರಂಭದ ಪ್ರಯೋಗಗಳಲ್ಲಿ ಅದು ಪ್ರಮುಖವಾದುದು. ಜಗತ್ತು ಮೆಚ್ಚಿದ ಗೊಲ್ಲಮ್ ಬಂದುದು 2002ರಲ್ಲಿ. ಎಲ್ಲವೂ ಗಣಕಯಂತ್ರದ್ದೆಂದು ಹಳಿಯುವವರು, ಓಟದ ಪಂದ್ಯದ ಪ್ರೇಕ್ಷಕಸಮೂಹವು ಬಣ್ಣ ಹಚ್ಚಿದ ಹತ್ತಿಯ ಕಡ್ಡಿಗಳಿಂದಾದುದೆಂದು ತಿಳಿದರೆ ಬೆರಗಾಗುವರು. ಇನ್ನು ಕೊನೆಯ ಖಡ್ಗಯುದ್ಧಕ್ಕೆ ಜಾನ್ ವಿಲಿಯಮ್ಸ್ ರಚಿಸಿದ ವೃಂದಗಾನದ ಭಾಷೆ ಯಾವುದು ಬಲ್ಲಿರಾ? ಸಂಸ್ಕೃತ! ವೇಲ್ಸ್ ದೇಶದ ಪುರಾತನ ಕವಿತೆಯೊಂದರ ಸಾಲುಗಳನ್ನು ಸಂಸ್ಕೃತಕ್ಕೆ ತಿರುಗಿಸಿ, ಅರ್ಥಕ್ಕಿಂತ ನಾದಕ್ಕೇ ಒತ್ತುಕೊಟ್ಟು ಹಾಡಿಸಲಾಯಿತು. ಸಂಸ್ಕೃತದ ಅಂಕ ಚೆನ್ನಾಗಿರುವವರು ಕಿವಿಗೊಟ್ಟು ಪರೀಕ್ಷಿಸಬಹುದು. ಪದ ಬಿಡಿಸುವುದು ಅಷ್ಟು ಸುಲಭವಲ್ಲ.

ಇವೆಲ್ಲ ಇತರರ ಕಾರಣಗಳು. ನಮ್ಮನ್ನು ಹಿಡಿದು ನಿಲ್ಲಿಸಿದ ದೃಶ್ಯ ಬೇರೊಂದು. ಅನಾಕಿನ್ ದಾಸಿಯ ಮಗ. ಅವನಿಗೆ ಬಿಡುಗಡೆ ದೊರೆಯುತ್ತದೆ, ತಾಯಿಗೆ ದೊರೆಯುವುದಿಲ್ಲ. ವಿದ್ಯೆಗಾಗಿ ದೂರದೇಶಕ್ಕೆ ಹೊರಟ ಹುಡುಗನು ನಾಲ್ಕು ಹೆಜ್ಜೆ ಹೋಗಿ ಓಡುತ್ತ ತಿರುಗಿ ಬರುತ್ತಾನೆ. ಮತ್ತೆ ನಿನ್ನನ್ನು ಕಾಣುವೆನೇ ಎಂದು ಕೇಳುತ್ತಾನೆ. ಹಿಂತಿರುಗಿ ನೋಡದೆ ಹೋಗೆಂದು ತಾಯಿ ಕಳಿಸುತ್ತಾಳೆ. ಮುಂದೆ ಗುರುಗಳ ಪರಿಷತ್ತು ಅವನಲ್ಲಿ ಕಂಡುಹಿಡಿಯುವ ದೋಷ ಒಂದೇ: ತಾಯಿಯನ್ನು ಕಳೆದುಕೊಳ್ಳುವ ಭಯ. ಆ ಭಯವನ್ನು ದೋಷವೆಂದು ಎಣಿಸಿದರೇ ಹೊರತು ಅವನನ್ನು ಯಾರೂ ಸಂತೈಸಲಿಲ್ಲ. ವೇಡರನು ಹುಟ್ಟಿದುದು ಅಲ್ಲಿ. ನಗುಮೊಗದ ಬಾಲಕನಲ್ಲಿ ಘೋರರೂಪವನ್ನು ಹುಡುಕಿ ನಿರಾಶರಾದವರ ಕಣ್ಣೆದುರಿಗೇ ಅದರ ಮೂಲವಿತ್ತು. 1999ರಲ್ಲಿ ನಾವೂ ಆ ಬಾಲಕನ ವಯಸ್ಸಿನವರೇ. ನಮ್ಮ ಹಳ್ಳಿಗೆ ಇಂಥ ಚಿತ್ರ ಬರಲಿಲ್ಲ. ಆದರೆ ಮುಂದೆ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಹೊರಟ ದಿನ ನಮ್ಮ ತಾಯಿಯೂ ಬಸ್‌ಸ್ಟ್ಯಾಂಡಿನಲ್ಲಿ ಬುತ್ತಿಯ ಗಂಟು ಕೈಗಿತ್ತು, “ಹೋಗ್ ಬಾರಪಾ” ಎಂದು ಮುಖ ತಿರುಗಿಸಿ ನಿಂತಿದ್ದಳು. ನಿಮ್ಮಲ್ಲಿ ಅನೇಕರ ಮನೆಗಳಲ್ಲಿಯೂ ಇಂಥದೊಂದು ಬೀಳ್ಕೊಡುಗೆಯ ನೆನಪಿದ್ದೀತು.

ಹಾಗೆಂದು ಈ ಚಿತ್ರ ನಿರ್ದೋಷವೆಂದು ನಾವು ಹೇಳುತ್ತಿಲ್ಲ. ಮರಗಟ್ಟಿದ ಮಾತು ಈಗಲೂ ಮರಗಟ್ಟಿದ ಮಾತೇ. ಒಂದು ಜನಾಂಗಕ್ಕೆ ನೋವು ತಂದ ಅನುಕರಣೆ ಕಾಲ ಕಳೆದ ಮಾತ್ರಕ್ಕೆ ಒಪ್ಪಿತವಾಗದು. ಪುನರ್ವಿಚಾರವೆಂದರೆ ದೋಷಗಳಿಗೆ ಗುಣಗಳ ಹೆಸರಿಡುವುದಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. 1999ರಲ್ಲಿ ನಿರಾಶರಾದವರು ಹೊಸ ಚಿತ್ರವನ್ನು ತಮ್ಮ ಬಾಲ್ಯದ ನೆನಪಿನಿಂದ ಅಳೆದರು. ಈಗ ಮೆಚ್ಚುವವರಲ್ಲಿ ಬಹಳ ಜನರು ಅಳೆಯುವುದು ಕೂಡ ತಮ್ಮ ಬಾಲ್ಯದ ನೆನಪಿನಿಂದಲೇ. ಚಿತ್ರ ಇದ್ದಂತೆಯೇ ಇದೆ, ಬದಲಾದುದು ಅಳತೆಗೋಲು. ಯಾವ ಕೋಲಿನಿಂದ ಅಳೆಯುತ್ತಿದ್ದೇವೆಂಬುದನ್ನು ಅರಿತು ಅಳೆಯುವವನೇ ನ್ಯಾಯವಾದ ವಿಮರ್ಶಕನು.

2019ರಲ್ಲಿ ಶಿಕಾಗೋ ನಗರದಲ್ಲಿ ಅಭಿಮಾನಿಗಳ ಸಮ್ಮೇಲನ ನಡೆದಾಗ, ಅಹಮದ್ ಬೆಸ್ಟ್ ವೇದಿಕೆಗೆ ಬಂದೊಡನೆ ಸಭೆಯೆಲ್ಲ ಎದ್ದುನಿಂತು ಚಪ್ಪಾಳೆಯಿಕ್ಕಿತು. 2023ರಲ್ಲಿ ‘ದಿ ಮ್ಯಾಂಡಲೋರಿಯನ್’ ಎಂಬ ಮಾಲಿಕೆಯಲ್ಲಿ ಆತನು ಶಿಶುವೊಂದನ್ನು ಕಾಪಾಡುವ ಜೆಡಾಯ್ ವೀರನಾಗಿ ಕಾಣಿಸಿಕೊಂಡನು. 2024ರ ಮೇ ತಿಂಗಳಲ್ಲಿ ಚಿತ್ರವು ತನ್ನ ಇಪ್ಪತ್ತೈದನೆಯ ವರ್ಷಕ್ಕೆ ಮತ್ತೆ ತೆರೆಕಂಡಾಗ ಜನರು ಮತ್ತೆ ಬಂದರು. ಸಂತೋಷವೇ. ಆದರೆ ಇಪ್ಪತ್ತು ವರ್ಷ ತಡವಾಗಿ ಬಂದ ಚಪ್ಪಾಳೆಯು ನಡುವೆ ಕಳೆದುಹೋದ ವರ್ಷಗಳನ್ನು ಮರಳಿ ಕೊಡಲಾರದು.

ಆದುದರಿಂದ ಮಿತ್ರರೇ, ಸ್ನೇಹಸಮ್ಮೇಲನದಲ್ಲಿ ನಿಮ್ಮ ಗೆಳೆಯನ ನಾಟಕ ಕೆಟ್ಟರೆ, ಇದೇ ಸಂಚಿಕೆಯಲ್ಲಿ ಯಾರದಾದರೂ ಕವಿತೆ ಸಪ್ಪೆಯೆನಿಸಿದರೆ, ಹಾಗೆಂದು ಅವಶ್ಯ ಹೇಳಿರಿ. ಎಲ್ಲಿ, ಏಕೆ ಎಂಬುದನ್ನೂ ಹೇಳಿರಿ. ಆದರೆ ಮಾತು ಕೃತಿಯಲ್ಲಿಯೇ ನಿಲ್ಲಲಿ, ಮನುಷ್ಯನನ್ನು ತಾಗದಿರಲಿ. ಇಂದಿನ ಅಭಿಪ್ರಾಯ ನಾಳೆ ಬದಲಾದರೆ ಅದನ್ನೂ ಸಂಕೋಚವಿಲ್ಲದೆ ಹೇಳಿರಿ. ನಾವೂ ಆ ಸೋಮವಾರ ಹುಡುಗನನ್ನು ಕರೆದು, “ನೋಡಿದೆವಪ್ಪಾ, ಅಂದು ಆಡಿದ ಮಾತು ತಪ್ಪಾಯಿತು” ಎಂದೆವು. ಅವನು ನಗುತ್ತ, “ಮತ್ತ ಆ ಓಟ ಹೆಂಗಿತ್ರಿ, ಸರ್?” ಎಂದನು. ಓಟ ಚೆನ್ನಾಗಿತ್ತೆಂದು ಒಪ್ಪಿಕೊಂಡೆವು.