ಎರಡು ಕೋಡಂಗಿಗಳಲ್ಲಿ ಯಾವುದನ್ನು ತರೋಣ?

ಮನೆಯ ನಡುಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಬಣ್ಣದ ಮೀನು ಸಾಕುವ ಹವ್ಯಾಸ ನಮ್ಮ ಪುಣೆಯ ಕನ್ನಡಿಗರಲ್ಲಿಯೂ ಸಾಕಷ್ಟು ಹಬ್ಬಿದೆ. ಸಿಹಿನೀರಿನ ಮೀನುಗಳನ್ನು ಕೆಲವು ವರ್ಷ ಸಾಕಿ ಕೈ ಪಳಗಿದವರಿಗೆ ಮುಂದೆ ಹುಟ್ಟುವ ಆಸೆ ಒಂದೇ: ಕಡಲ ಮೀನನ್ನು ತರಬೇಕು. ಕಡಲ ಮೀನೆಂದರೆ ಮಕ್ಕಳ ಬಾಯಲ್ಲಿ ಬರುವುದು ಕಿತ್ತಳೆ ಮೈಯ ಮೇಲೆ ಮೂರು ಬಿಳಿ ಪಟ್ಟೆಗಳುಳ್ಳ ಆ ಕ್ಲೌನ್ ಮೀನು. 2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಚಿತ್ರದ ದೆಸೆಯಿಂದ ಅದಕ್ಕೆ ಅಂಗಡಿಗಳಲ್ಲಿ ನೀಮೋ ಎಂದೇ ಹೆಸರು. ಕುಣಿದಾಡುವ ಅದರ ನಡೆಯನ್ನು ಕಂಡು ನಾವು ಮನೆಯಲ್ಲಿ ಕೋಡಂಗಿ ಎಂದು ಕರೆಯುತ್ತೇವೆ. ಯಕ್ಷಗಾನ ಕಂಡವರಿಗೆ ಈ ಹೆಸರು ಒಪ್ಪೀತು.

ನಮ್ಮ ಮನೆಯವರು ಮೂಲತಃ ಕುಂದಾಪುರದ ಕಡೆಯವರು. ಚೀಲದಲ್ಲಿ ಬಂದ ಉಪ್ಪನ್ನು ಬಕೆಟ್ಟಿನ ನೀರಿಗೆ ಕಲಸುತ್ತಿದ್ದ ನಮ್ಮನ್ನು ನೋಡಿ ಅತ್ತೆಯವರು, "ಊರಲ್ಲಿ ಕಡಲೇ ಮನೆ ಬಾಗಿಲಲ್ಲಿತ್ತು. ಇಲ್ಲಿ ದುಡ್ಡು ಕೊಟ್ಟು ಕಡಲು ಮಾಡುವುದಾ ಮಗಾ?" ಎಂದು ನಕ್ಕರು. ಅವರ ಮಾತು ಸುಳ್ಳಲ್ಲ. ಘಟ್ಟದ ಮೇಲಿನ ಈ ಊರಲ್ಲಿ ಕಡಲನ್ನು ನಾವೇ ಮಾಡಿಕೊಳ್ಳಬೇಕು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೇಕು. ನೂರು ಲೀಟರಿನ ತೊಟ್ಟಿಗೆ ಮೂರೂವರೆ ಕಿಲೋ. ಅದು ಅಡಿಗೆಯ ಉಪ್ಪಲ್ಲ, ಸುಣ್ಣದಂಶ, ಮೆಗ್ನೀಷಿಯಂ ಮೊದಲಾದವು ಸೇರಿದ, ಕಡಲ ಮೀನುಗಳಿಗೆಂದೇ ಮಾಡಿದ ಉಪ್ಪು.

ಇಷ್ಟೆಲ್ಲಾ ಸಿದ್ಧಮಾಡಿಕೊಂಡ ನಾವು ಮೀನು ಕೊಳ್ಳುವಾಗ ಎಡವಿದೆವು. ಅಂಗಡಿಯವನು ಎರಡು ಮರಿಗಳನ್ನು ತೋರಿಸಿ, "ಎರಡೂ ನೀಮೋಗಳೇ, ಒಂದು ಸ್ವಲ್ಪ ದೊಡ್ಡದು ಅಷ್ಟೆ" ಎಂದನು. ನಾವು ನಂಬಿ ತಂದೆವು. ಮೂರನೆಯ ವಾರಕ್ಕೆ ದೊಡ್ಡದು ಚಿಕ್ಕದನ್ನು ಅಟ್ಟಿಸಿಕೊಂಡು ಹೋಗಿ ಕಚ್ಚತೊಡಗಿತು. ಚಿಕ್ಕದು ಫಿಲ್ಟರಿನ ಹಿಂದೆ ಅಡಗಿ, ಅನ್ನ ಬಿಟ್ಟು, ರೆಕ್ಕೆ ಹರಿದುಕೊಂಡು ಒಂದು ಬೆಳಿಗ್ಗೆ ಸತ್ತುಬಿದ್ದಿತ್ತು. ಐದನೆಯ ತರಗತಿಯ ನಮ್ಮ ಹುಡುಗ ಅಂದು ಶಾಲೆಗೆ ಹೋಗಲಿಲ್ಲ. "ಎರಡೂ ಒಂದೇ ಅಂದಿದ್ರಲ್ಲ ಅಪ್ಪಾ, ಮತ್ತೆ ಯಾಕೆ ಕಚ್ಚಿತು?" ಎಂಬ ಅವನ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಪುಸ್ತಕ ತೆರೆದು ನೋಡಿದಾಗ ಉತ್ತರ ಸಿಕ್ಕಿತು: ಅವೆರಡೂ ಒಂದೇ ಜಾತಿಯವಾಗಿರಲಿಲ್ಲ. ಉಳಿದದ್ದು ಕ್ಲಾರ್ಕಿ ಎಂಬ ಬೇರೆ ಜಾತಿಯ ಮರಿ. ಆ ತಿಳಿವಳಿಕೆಯನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಕ್ಲೌನ್ ಮೀನುಗಳಲ್ಲಿ ಸುಮಾರು ಮೂವತ್ತು ಜಾತಿಗಳುಂಟು. ಅವುಗಳಲ್ಲಿ ನೋಡಲು ಅವಳಿಗಳಂತಿರುವವು ಎರಡು: ಒಸೆಲ್ಲಾರಿಸ್ ಮತ್ತು ಪರ್ಕುಲಾ. ಪರ್ಕುಲಾಕ್ಕೆ 1802ರಲ್ಲಿ ಲಾಸೆಪೇದ್, ಒಸೆಲ್ಲಾರಿಸ್‌ಗೆ 1830ರಲ್ಲಿ ಕುವಿಯೇ, ಹೀಗೆ ಇಬ್ಬರು ಫ್ರೆಂಚ್ ವಿದ್ವಾಂಸರು ಹೆಸರಿಟ್ಟರು. ಒಸೆಲ್ಲಾರಿಸ್ ನಮ್ಮ ಅಂಡಮಾನ್ ನಿಕೋಬಾರ್‌ಗಳಿಂದ ಹಿಡಿದು ಆಗ್ನೇಯ ಏಷ್ಯಾ, ಉತ್ತರ ಆಸ್ಟ್ರೇಲಿಯಾಗಳವರೆಗೆ ವಾಸಿಸುತ್ತದೆ. ಪರ್ಕುಲಾದ ನೆಲೆ ನ್ಯೂಗಿನಿ, ಸಾಲೊಮನ್ ದ್ವೀಪಗಳು ಮತ್ತು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಉತ್ತರ ಭಾಗ.

ಇವೆರಡನ್ನು ಬೇರೆಮಾಡುವುದು ಹೇಗೆ? ಬಿಳಿ ಪಟ್ಟೆಯ ಅಂಚಿನ ಕಪ್ಪು ಗೆರೆಯನ್ನು ಮೊದಲು ನೋಡಿರಿ. ಒಸೆಲ್ಲಾರಿಸ್‌ನಲ್ಲಿ ಅದು ಕೂದಲೆಳೆಯಷ್ಟು ತೆಳ್ಳಗೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಪರ್ಕುಲಾದಲ್ಲಿ ಬಹುಮಟ್ಟಿಗೆ ದಪ್ಪವಾಗಿರುತ್ತದೆ. ಎರಡನೆಯದಾಗಿ ಕಣ್ಣು: ಪರ್ಕುಲಾದ ಕಣ್ಣಿನ ಸುತ್ತ ಹೊಳೆಯುವ ಕಿತ್ತಳೆ ಬಣ್ಣ, ಒಸೆಲ್ಲಾರಿಸ್‌ನದು ಬೂದು ಬೆರೆತು ಮಂಕಾಗಿರುತ್ತದೆ. ಮೂರನೆಯದು ಬೆನ್ನಿನ ರೆಕ್ಕೆಯ ಮುಳ್ಳುಗಳ ಎಣಿಕೆ: ಒಸೆಲ್ಲಾರಿಸ್‌ಗೆ ಸಾಮಾನ್ಯವಾಗಿ 11, ಪರ್ಕುಲಾಕ್ಕೆ 10. ಈಜುವ ಮೀನಿನ ಮುಳ್ಳನ್ನು ಎಣಿಸುವುದು ಸುಲಭವಲ್ಲ. ರೆಕ್ಕೆಯನ್ನು ನಿಮಿರಿಸಿದಾಗ ಮೊಬೈಲಿನಲ್ಲಿ ಫೋಟೋ ಹಿಡಿದು ನಿಧಾನವಾಗಿ ಎಣಿಸಬೇಕು. ಆದರೂ ಒಂದೇ ಗುರುತನ್ನು ನಂಬಬಾರದು. ಮರಿಗಳಲ್ಲಿ ಕಪ್ಪು ಗೆರೆ ಪೂರ್ತಿ ಮೂಡಿರುವುದಿಲ್ಲ. ಸಾಕಣೆಯಲ್ಲಿ ಎರಡೂ ಜಾತಿಗಳನ್ನು ಬೆರೆಸಿ ಹುಟ್ಟಿಸಿದ ಮಿಶ್ರತಳಿಗಳೂ ಉಂಟು.

ಇನ್ನು ನಮ್ಮ ಹುಡುಗನ ತೊಟ್ಟಿಗೆ ಬಂದ ಕ್ಲಾರ್ಕಿ ಮತ್ತು ನಮ್ಮ ದೇಶದ ಕಡಲಿನದೇ ಆದ ಸೆಬೇ. ಇವೂ ಚೆಲುವಾದ ಮೀನುಗಳೇ. ಆದರೆ ಒಸೆಲ್ಲಾರಿಸ್ ತೊಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಅಂಗುಲದ ಆಸುಪಾಸಿನಲ್ಲಿ ನಿಲ್ಲುವಾಗ, ಇವು ಐದಾರು ಅಂಗುಲದವರೆಗೆ ಬೆಳೆಯುತ್ತವೆ. ಸ್ವಭಾವವೂ ಗಡುಸು; ತನ್ನ ಜಾಗವೆಂದು ತಿಳಿದ ಮೂಲೆಗೆ ನಮ್ಮ ಕೈ ಹೋದರೂ ಕಚ್ಚಿಯಾವು. ದೊಡ್ಡ ತೊಟ್ಟಿಯುಳ್ಳವರು ಇವುಗಳ ಜೋಡಿಯನ್ನೇ ಸಾಕಲಿ. ಚಿಕ್ಕ ಜಾತಿಯೊಡನೆ ಮಾತ್ರ ಬೆರೆಸಬಾರದು.

ಹಾಗಾದರೆ ಆಯ್ಕೆ ಯಾವುದು? ಒಸೆಲ್ಲಾರಿಸ್ ಮತ್ತು ಪರ್ಕುಲಾಗಳ ಆರೈಕೆಯಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಎರಡಕ್ಕೂ 25ರಿಂದ 27 ಡಿಗ್ರಿ ಸೆಲ್ಸಿಯಸ್ ಶಾಖ ಹಿತ; ಎರಡೂ ಅದೇ ಆಹಾರ ತಿನ್ನುತ್ತವೆ. ಒಸೆಲ್ಲಾರಿಸ್ ತುಸು ಸಾಧು ಸ್ವಭಾವದ್ದು, ಹೆಚ್ಚಾಗಿ ಸಿಗುವಂಥದ್ದು, ಬೆಲೆಯಲ್ಲಿಯೂ ಸಾಮಾನ್ಯವಾಗಿ ಹಗುರ. ಆದುದರಿಂದ ಮೊದಲ ಸಲ ಸಾಕುವವರಿಗೆ ನಮ್ಮ ಸಲಹೆ ಒಸೆಲ್ಲಾರಿಸ್. ಪರ್ಕುಲಾ ಎಂಬ ಹೆಸರಿಗೆ ಹೆಚ್ಚು ಹಣ ಕೇಳಿದರೆ ಮೇಲಿನ ಗುರುತುಗಳನ್ನು ನೋಡಿಯೇ ಕೊಡಿರಿ.

ಜಾತಿಗಿಂತಲೂ ಮುಖ್ಯವಾದ ಪ್ರಶ್ನೆ ಇನ್ನೊಂದುಂಟು: ಮೀನು ಎಲ್ಲಿ ಹುಟ್ಟಿದ್ದು? ಕಡಲಿನಿಂದ ಹಿಡಿದು ತಂದದ್ದು ದಾರಿಯಲ್ಲೇ ಬಳಲಿರುತ್ತದೆ. ಹವಳದ ದಿಬ್ಬಗಳಿಗೂ ಅದರಿಂದ ನಷ್ಟ. ತೊಟ್ಟಿಯಲ್ಲಿಯೇ ಹುಟ್ಟಿದ ಮರಿ ಗಟ್ಟಿ. ಉಂಡೆ ಆಹಾರವನ್ನೂ ಬೇಗ ಒಪ್ಪುತ್ತದೆ. 1947ರಲ್ಲಿ ಸ್ಥಾಪಿತವಾಗಿ ಈಗ ಕೊಚ್ಚಿಯಲ್ಲಿರುವ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ತಮಿಳುನಾಡಿನ ಮಂಡಪಂ ಕೇಂದ್ರದಲ್ಲಿ ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನವನ್ನು ಬೆಳೆಸಿದ್ದಾರೆ. ಹೀಗಿರುವಾಗ "ಇದು ಸಾಕಿದ ಮರಿಯೇ?" ಎಂದು ಕೇಳದೆ ಕೊಳ್ಳಬಾರದು. ಹವಳಕ್ಕಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅಲಂಕಾರಕ್ಕೆಂದು ಯಾರಾದರೂ ಮಾರಬಂದರೆ ಬೇಡವೆನ್ನಿರಿ.

ಕಡಲ ಹೂ ಎನ್ನುವ ಅನಿಮೋನಿ ಇಲ್ಲದೆ ಈ ಮೀನು ಬದುಕದೆಂದು ಕೆಲವರು ಹೇಳುವರು. ಕಡಲಿನಲ್ಲಿ ಅದರ ಕುಟುಕುವ ಎಳೆಗಳೇ ಈ ಮೀನಿಗೆ ಕೋಟೆ, ನಿಜ; ಶತ್ರುಗಳಿಲ್ಲದ ತೊಟ್ಟಿಯಲ್ಲಿ ಕೋಟೆಯ ಅಗತ್ಯವಿಲ್ಲ. ಕಡಲ ಹೂವನ್ನು ಬದುಕಿಸುವುದು ಮೀನು ಸಾಕುವುದಕ್ಕಿಂತ ಕಷ್ಟ.

ತರುವಾಗ ಒಂದೇ ಜಾತಿಯ ಎರಡು ಮರಿಗಳನ್ನು, ಒಂದು ದೊಡ್ಡದು ಒಂದು ಚಿಕ್ಕದು ನೋಡಿ ತನ್ನಿರಿ. ಗಂಡು ಹೆಣ್ಣು ಹುಡುಕುವ ಚಿಂತೆಯಿಲ್ಲ. ಈ ಮೀನುಗಳಲ್ಲಿ ಬಲಿತು ಮೊದಲು ಆಗುವುದು ಗಂಡು. ಜೋಡಿಯಲ್ಲಿ ದೊಡ್ಡದೇ ಮುಂದೆ ಹೆಣ್ಣಾಗುತ್ತದೆ. ಮನೆಯ ಯಜಮಾನಿಕೆಯೂ ಅದರದೇ! ಇದನ್ನು ಕೇಳಿ ಅತ್ತೆಯವರಿಗೆ ಬಹಳ ಸಂತೋಷವಾಯಿತು.

ಪುಣೆಯವರು ನೆನಪಿಡಬೇಕಾದ ಎರಡು ಮಾತು. ಹೊಸ ತೊಟ್ಟಿಯನ್ನು ಮೀನಿಲ್ಲದೆ ನಾಲ್ಕಾರು ವಾರ ನಡೆಸಿ, ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಮೀನು ಬಿಡಬೇಕು. ಏಪ್ರಿಲ್ ಮೇ ತಿಂಗಳ ಒಣ ಬಿಸಿಲಿಗೆ ತೊಟ್ಟಿಯ ನೀರು ಬೇಗ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಕಡಿಮೆಯಾದಷ್ಟನ್ನು ಶುದ್ಧವಾದ ಸಿಹಿನೀರಿನಿಂದ ತುಂಬಬೇಕು. ಉಪ್ಪುನೀರು ತುಂಬಿದರೆ ದಿನೇ ದಿನೇ ಉಪ್ಪು ಏರುತ್ತದೆ.

ಕ್ಲಾರ್ಕಿಯನ್ನು ನಾವು ದೊಡ್ಡ ತೊಟ್ಟಿಯಿದ್ದ ಸ್ನೇಹಿತರ ಮನೆಗೆ ಕೊಟ್ಟೆವು. ಎರಡು ತಿಂಗಳು ತೊಟ್ಟಿ ಬರಿದಾಗಿತ್ತು. ಬಳಿಕ ಹುಡುಗನೇ ಕಾಗದದಲ್ಲಿ ಗುರುತುಗಳನ್ನು ಬರೆದುಕೊಂಡು ಅಂಗಡಿಗೆ ಬಂದನು. ಗಾಜಿಗೆ ಮೂಗು ತಾಗಿಸಿ ಅರ್ಧ ಗಂಟೆ ನೋಡಿ, "ಇದಕ್ಕೆ ಹನ್ನೊಂದು ಮುಳ್ಳು, ಅದಕ್ಕೂ ಹನ್ನೊಂದು" ಎಂದಮೇಲೆಯೇ ಹಣ ಕೊಟ್ಟೆವು. ಆ ಜೋಡಿ ಇಂದಿಗೂ ಒಂದೇ ಮೂಲೆಯಲ್ಲಿ ಒಟ್ಟಿಗೆ ಮಲಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಈ ಮೀನುಗಳು ಹತ್ತು ವರ್ಷ ಮೀರಿ ಬಾಳುತ್ತವೆ. ಅಂದರೆ ಅವನು ಕಾಲೇಜು ಸೇರುವ ಹೊತ್ತಿಗೂ ಇದ್ದಾವು. ಅಷ್ಟು ಕಾಲದ ನೆಂಟಸ್ತಿಕೆಗೆ ಅರ್ಧ ಗಂಟೆ ನಿಂತು ನೋಡುವುದು ಹೆಚ್ಚೇನಲ್ಲ.