ಮಿಡಿ ಕಡತದಿಂದ ಸ್ವರಲಿಪಿಗೆ: ಗೀತನಾಟಕದ ತೆರೆಮರೆಯ ಉದ್ಯಮ

ಸಂಗೀತದ ಬರಹರೂಪವೂ ಒಂದು ವಾಣಿಜ್ಯ ಸ್ವತ್ತು ಎಂಬುದನ್ನು ಇಂಗ್ಲೆಂಡಿನ ಹಾಸ್ಯ ಗೀತನಾಟಕಗಳ ಇತಿಹಾಸವು ಚೆನ್ನಾಗಿ ತೋರಿಸಿಕೊಡುತ್ತದೆ. ಡಬ್ಲ್ಯು.ಎಸ್. ಗಿಲ್ಬರ್ಟ್ ಸಾಹಿತ್ಯ ರಚಿಸಿ, ಆರ್ಥರ್ ಸಲಿವನ್ ಸಂಗೀತ ಸಂಯೋಜಿಸಿದ 'ಎಚ್.ಎಂ.ಎಸ್. ಪಿನಾಫೋರ್' 1878ರ ಮೇ 25ರಂದು ಲಂಡನ್ನಿನಲ್ಲಿ ಮೊದಲ ಪ್ರದರ್ಶನ ಕಂಡಿತು. ವಿದೇಶೀ ಲೇಖಕರ ಕೃತಿಗಳಿಗೆ ಅಮೆರಿಕದಲ್ಲಿ ಆಗ ಹಕ್ಕುಸ್ವಾಮ್ಯದ ರಕ್ಷಣೆ ಇರಲಿಲ್ಲ. ಅಲ್ಲಿನ ನಾಟಕ ಮಂಡಳಿಗಳು ಮುದ್ರಿತ ಗಾಯನ ಪ್ರತಿಯನ್ನು ತರಿಸಿಕೊಂಡು, ಸ್ಥಳೀಯ ಸಂಗೀತಗಾರರಿಂದ ವಾದ್ಯಭಾಗಗಳನ್ನು ಬರೆಯಿಸಿ, ಕರ್ತೃಗಳಿಗೆ ಬಿಡಿಗಾಸನ್ನೂ ಕೊಡದೆ ನಾಟಕವಾಡಿದವು. ಇದರಿಂದ ಎಚ್ಚೆತ್ತ ಕರ್ತೃಗಳು ಮುಂದಿನ ಕೃತಿ 'ದಿ ಪೈರೇಟ್ಸ್ ಆಫ್ ಪೆನ್ಜಾನ್ಸ್' ಅನ್ನು 1879ರ ಡಿಸೆಂಬರ್ 31ರಂದು ತಾವೇ ನ್ಯೂಯಾರ್ಕಿನಲ್ಲಿ ರಂಗಕ್ಕೆ ತಂದರು. ಈ ನಾಟಕಗಳ ಒಡೆತನ ಹೊಂದಿದ್ದ ಡಾಯ್ಲಿ ಕಾರ್ಟ್ ಕಂಪನಿಯು ವಾದ್ಯವೃಂದದ ಪ್ರತಿಗಳನ್ನು ಮಾರದೆ, ಬಾಡಿಗೆಗೆ ಮಾತ್ರ ನೀಡುತ್ತಿತ್ತು.

1961ರ ಅಂತ್ಯಕ್ಕೆ ಬ್ರಿಟನ್ನಿನಲ್ಲಿ ಈ ಹಕ್ಕಿನ ಅವಧಿ ಮುಗಿಯಿತು. ಕೃತಿಗಳು ಸಾರ್ವಜನಿಕ ಸ್ವತ್ತಾದವು. ಆದರೆ ವಾದಕರ ಮುಂದಿಡಬಹುದಾದ ಶುದ್ಧ ಪ್ರತಿಯ ಬೇಡಿಕೆ ಉಳಿದೇ ಇತ್ತು. 1990ರ ದಶಕದಲ್ಲಿ ಅಂತರಜಾಲ ಹರಡಿದಾಗ ಅಭಿಮಾನಿಗಳು ಈ ಗೀತನಾಟಕಗಳನ್ನು 'ಮಿಡಿ' ಕಡತಗಳಾಗಿ ಗಣಕೀಕರಿಸಿ ಉಚಿತವಾಗಿ ಒದಗಿಸತೊಡಗಿದರು. ಕಡತವನ್ನು ತಂತ್ರಾಂಶಕ್ಕೆ ಊಡಿದರೆ ಸ್ವರಲಿಪಿ ತಾನಾಗಿ ಹೊರಬರುವುದೆಂಬ ನಂಬಿಕೆ ಅಂದಿನಿಂದಲೂ ಇದೆ. ವಾಸ್ತವ ಹಾಗಿಲ್ಲ.

ಕಿರ್ದಿ ಬೇರೆ, ಅಢಾವೆ ಬೇರೆ

1983ರಲ್ಲಿ ರೂಪುಗೊಂಡ ಮಿಡಿ ಮಾನಕವು ಧ್ವನಿಯನ್ನು ಮುದ್ರಿಸಿಕೊಳ್ಳುವುದಿಲ್ಲ. ಯಾವ ಮನೆಯನ್ನು ಯಾವಾಗ, ಎಷ್ಟು ಬಲದಿಂದ ಒತ್ತಲಾಯಿತು, ಯಾವಾಗ ಬಿಡಲಾಯಿತು ಎಂಬ ವಿವರಗಳನ್ನಷ್ಟೇ ಅಂಕಿಗಳಲ್ಲಿ ದಾಖಲಿಸುತ್ತದೆ. ವ್ಯಾಪಾರಸ್ಥರ ಭಾಷೆಯಲ್ಲಿ ಹೇಳುವುದಾದರೆ, ಅದು ನಡೆದ ವ್ಯವಹಾರವನ್ನು ನಡೆದ ಕ್ರಮದಲ್ಲಿ ಬರೆದಿಟ್ಟ ಕಿರ್ದಿ. ಸ್ವರಲಿಪಿಯಾದರೋ ವರ್ಗೀಕರಿಸಿ, ತಾಳೆ ನೋಡಿ, ಓದುಗನ ಮುಂದಿಡುವ ಅಢಾವೆ ಪತ್ರಿಕೆ. ಒಂದನ್ನು ಮತ್ತೊಂದಾಗಿಸಲು ತಿಳಿದವರ ವಿವೇಚನೆ ಅಗತ್ಯ.

ಮೊದಲ ತೊಡಕು ಕಾಲಮಾನದ್ದು. ಸಾಮಾನ್ಯವಾಗಿ ಒಂದು ಕಾಲು ಸ್ವರವನ್ನು 480 ಅಂಶಗಳಾಗಿ ವಿಭಜಿಸಲಾಗಿರುತ್ತದೆ. ವಾದಕನ ಬೆರಳು ಹತ್ತಾರು ಅಂಶ ಹಿಂದುಮುಂದಾದರೂ ಕಿವಿಗೆ ತಿಳಿಯದು. ಆದರೆ ತಂತ್ರಾಂಶವು ಆ ವ್ಯತ್ಯಾಸವನ್ನೂ ನಿಷ್ಠೆಯಿಂದ ಬರೆದು, ಪುಟವನ್ನು ಸೂಕ್ಷ್ಮ ವಿರಾಮಚಿಹ್ನೆಗಳಿಂದ ತುಂಬಿಸುತ್ತದೆ. ಆದ್ದರಿಂದ ಸ್ವರಗಳನ್ನು ನಿಗದಿತ ಕಾಲದ ಮನೆಗಳಿಗೆ ಸರಿಹೊಂದಿಸಬೇಕಾಗುತ್ತದೆ. ಮೂರು-ಮೂರು ಮಾತ್ರೆಗಳ ಎರಡು ಗುಂಪಿನ ತಾಳವನ್ನು ಎರಡೆರಡರ ಮೂರು ಗುಂಪಾಗಿ ಬರೆದರೆ ಸ್ವರ ಸರಿಯಿದ್ದೂ ಹಾಡು ಕೆಡುತ್ತದೆ.

ಎರಡನೆಯದು ಸ್ವರನಾಮ. ಮಿಡಿಯಲ್ಲಿ 66 ಎಂಬ ಸಂಖ್ಯೆಯು ಎಫ್ ಶಾರ್ಪ್ ಆಗಬಹುದು, ಜಿ ಫ್ಲ್ಯಾಟ್ ಕೂಡ ಆಗಬಹುದು. ಯಾವುದೆಂಬುದನ್ನು ಶ್ರುತಿ ಹಾಗೂ ಸಂದರ್ಭವನ್ನು ನೋಡಿಯೇ ನಿರ್ಧರಿಸಬೇಕು. ಮೂರನೆಯದು ವಾದ್ಯಗಳ ರೂಢಿ. ಬಿ ಫ್ಲ್ಯಾಟ್ ಕ್ಲಾರಿನೆಟ್ ವಾದಕನಿಗೆ ಕೇಳಿಸುವ ಸ್ವರಕ್ಕಿಂತ ಒಂದು ಪೂರ್ಣಾಂತರ ಮೇಲಿನ ಸ್ವರವನ್ನು ಬರೆದುಕೊಡಬೇಕು. ಎಫ್ ಹಾರ್ನ್‌ಗೆ ಐದನೆಯ ಮೇಲಿನ ಸ್ವರವನ್ನು. ಸ್ವರಬಲವು ಮಿಡಿಯಲ್ಲಿ 127ರವರೆಗಿನ ಅಂಕಿಯಾಗಿರುತ್ತದೆಯೇ ಹೊರತು ಮೃದು, ಗಟ್ಟಿ ಎಂಬ ಸೂಚನೆಯಾಗಿರುವುದಿಲ್ಲ.

ಸಾಹಿತ್ಯದ ಹೊರೆ

ಹಾಸ್ಯ ಗೀತನಾಟಕದಲ್ಲಿ ಈ ಕೆಲಸ ಇನ್ನಷ್ಟು ಕಠಿಣ. ಉಸಿರು ಬಿಡದಂತೆ ಪಟಪಟನೆ ನುಡಿಯುವ ಹಾಡುಗಳು ಗಿಲ್ಬರ್ಟ್‌ನ ವೈಶಿಷ್ಟ್ಯ. ಅಲ್ಲಿ ಬಹುಪಾಲು ಪ್ರತಿ ಅಕ್ಷರಕ್ಕೂ ಒಂದು ಸ್ವರ. ಪದಗಳನ್ನು ಅಕ್ಷರವಾಗಿ ಒಡೆದು, ಆಯಾ ಸ್ವರದ ಕೆಳಗೆ ಕೂರಿಸಬೇಕು. ಒಂದು ಅಕ್ಷರ ಜಾರಿದರೆ ಮುಂದಿನ ಸಾಲೆಲ್ಲವೂ ಜಾರುತ್ತದೆ. ನಗೆಯ ಮಾತು ತಪ್ಪು ಪೆಟ್ಟಿಗೆ ಬಿದ್ದು ಸಭೆ ನಗುವುದಿಲ್ಲ. ಕಡತವನ್ನು ಸಿದ್ಧಪಡಿಸಿದವರ ತಪ್ಪುಗಳೂ ಹಾಗೆಯೇ ಇಳಿದು ಬರುವುದರಿಂದ, ಹಳೆಯ ಮುದ್ರಿತ ಗಾಯನ ಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಿ ನೋಡುವುದು ಅನಿವಾರ್ಯ.

ಇಷ್ಟೊಂದು ಶ್ರಮವೇಕೆಂಬ ಪ್ರಶ್ನೆಗೆ ಉತ್ತರ ಸರಳ ಲೆಕ್ಕದಲ್ಲಿದೆ. ಮೂವತ್ತು ಮಂದಿ ವಾದಕರಿರುವ ತಾಲೀಮಿನಲ್ಲಿ ಒಂದು ತಪ್ಪು ಹುಡುಕಲು ಹತ್ತು ನಿಮಿಷ ಹಿಡಿದರೆ, ಒಟ್ಟು ಐದು ಗಂಟೆಗಳ ದುಡಿಮೆ ವ್ಯರ್ಥ. ಪುಟ ತಿರುವುವ ಜಾಗದಲ್ಲಿ ವಾದಕನಿಗೆ ಬಿಡುವಿಲ್ಲದಿದ್ದರೂ, ತಾಳಖಂಡಗಳ ಸಂಖ್ಯೆ ಪ್ರತಿಯಿಂದ ಪ್ರತಿಗೆ ಬದಲಾದರೂ ಇದೇ ನಷ್ಟ. ಅದೇ ಪ್ರತಿ ಶುದ್ಧವಾಗಿದ್ದರೆ, ಗಾಯಕಿಯ ಕಂಠಕ್ಕೆ ತಕ್ಕಂತೆ ಇಡೀ ಹಾಡನ್ನು ಬೇರೆ ಶ್ರುತಿಗೆ ಇಳಿಸುವುದು ಕೆಲವೇ ಕ್ಷಣಗಳ ಕೆಲಸ. ಚಿಕ್ಕ ಮಂಡಳಿಗಳಿಗೆ ಇದು ದೊಡ್ಡ ಅನುಕೂಲ.

ಹಕ್ಕು ಮತ್ತು ಬಾಳಿಕೆ

ಸಲಿವನ್ 1900ರಲ್ಲಿ, ಗಿಲ್ಬರ್ಟ್ 1911ರಲ್ಲಿ ನಿಧನರಾದ ಕಾರಣ, ಕರ್ತೃವಿನ ಮರಣಾನಂತರ 60 ವರ್ಷಗಳ ರಕ್ಷಣೆ ನೀಡುವ ಭಾರತೀಯ ಕಾಯಿದೆಯ ಪ್ರಕಾರವೂ ಮೂಲಕೃತಿಗಳು ಮುಕ್ತವಾಗಿವೆ. ಆದರೆ ಹೊಸ ಸಂಪಾದನೆ ಹಾಗೂ ಹೊಸ ವಾದ್ಯಸಂಯೋಜನೆಗೆ ಪ್ರತ್ಯೇಕ ಹಕ್ಕಿರಬಹುದು. ಬ್ರಿಟನ್ನಿನಲ್ಲಿ ಮುದ್ರಿತ ಪುಟದ ವಿನ್ಯಾಸಕ್ಕೇ 25 ವರ್ಷಗಳ ರಕ್ಷಣೆಯಿದೆ. ಮಿಡಿ ಕಡತ ಉಚಿತವಾಗಿ ದೊರೆತ ಮಾತ್ರಕ್ಕೆ ಅದರಿಂದ ಸಿದ್ಧವಾದ ಪ್ರತಿಯನ್ನು ಮಾರಲು ಅನುಮತಿ ದೊರೆತಂತಲ್ಲ. ಕಡತ ತಯಾರಿಸಿದವರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯುವುದು ಕ್ಷೇಮ.

ಬಾಳಿಕೆಯ ಪ್ರಶ್ನೆಯೂ ಇದೆ. 1988ರಿಂದ ಬಳಕೆಯಲ್ಲಿದ್ದ ಪ್ರಸಿದ್ಧ ಸ್ವರಲಿಪಿ ತಂತ್ರಾಂಶ 'ಫಿನಾಲೆ'ಯ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಅದರ ತಯಾರಕರು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ದಶಕಗಳ ದುಡಿಮೆಯನ್ನು ಆ ಒಂದೇ ತಂತ್ರಾಂಶದ ಕಡತಗಳಲ್ಲಿ ಕೂಡಿಟ್ಟವರು ಬೇರೆಡೆಗೆ ಸಾಗಿಸುವ ಚಿಂತೆಗೆ ಬಿದ್ದರು. 'ಮ್ಯೂಸಿಕ್‌ಎಕ್ಸ್‌ಎಂಎಲ್' ಎಂಬ ಮುಕ್ತ ಮಾದರಿಯಲ್ಲಿಯೂ ಒಂದು ಪ್ರತಿ ಇಟ್ಟುಕೊಂಡವರಿಗೆ ಸಿಬೆಲಿಯಸ್, ಡೊರಿಕೊ, ಉಚಿತವಾದ ಮ್ಯೂಸ್‌ಸ್ಕೋರ್ ಮುಂತಾದವುಗಳ ಬಾಗಿಲು ತೆರೆದೇ ಇತ್ತು.

ವಿದೇಶೀ ಪ್ರಕಾಶಕರಿಗೆ ಅಕ್ಷರಜೋಡಣೆ ಹಾಗೂ ದತ್ತಾಂಶ ಪರಿವರ್ತನೆಯ ಸೇವೆ ಒದಗಿಸುವ ನಮ್ಮ ಉದ್ಯಮಿಗಳಿಗೆ ಇಲ್ಲೊಂದು ಪಾಠವಿದೆ. ಯಂತ್ರ ನಿಮಿಷದಲ್ಲಿ ಮುಗಿಸುವ ಭಾಗಕ್ಕೆ ಇಂದು ಬೆಲೆಯಿಲ್ಲ. ಬೆಲೆಯಿರುವುದು ಅದು ಬಿಟ್ಟುಹೋದ ಭಾಗಕ್ಕೆ. ಪುಟಕ್ಕಿಷ್ಟೆಂದು ದರ ನಿಗದಿಪಡಿಸಿ, ತಿದ್ದುಪಡಿಯ ತಾಸುಗಳನ್ನು ಲೆಕ್ಕಕ್ಕೆ ಹಿಡಿಯದ ಗುತ್ತಿಗೆಯು ನಷ್ಟದಲ್ಲಿಯೇ ಮುಗಿಯುತ್ತದೆ. ಮಾದರಿಗೆ ಒಂದು ಹಾಡನ್ನು ಪೂರ್ಣವಾಗಿ ಶುದ್ಧಪಡಿಸಿ, ತಗುಲಿದ ಸಮಯವನ್ನು ಅಳೆದು, ಅನಂತರವೇ ದರಪಟ್ಟಿ ಸಲ್ಲಿಸುವುದು ವಿವೇಕದ ಮಾರ್ಗ.