ರೈಲ್ವೆ ಬ್ಯಾಂಡಿನಿಂದ ‘ಸೊರೊ’ವರೆಗೆ: ಸಲಿಫ್ ಕೇಯ್ಟಾ ಹಾಡಿನ ದಾರಿ

ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ಹಾಡುಗಾರಿಕೆಯು ಬಹುಕಾಲ ಹುಟ್ಟಿನಿಂದ ಬರುವ ವೃತ್ತಿಯಾಗಿತ್ತು. ಅಲ್ಲಿನ ಮಾಂಡೆ ಸಮುದಾಯಗಳಲ್ಲಿ ವಂಶಾವಳಿಯನ್ನು ನೆನಪಿಟ್ಟು ಹಾಡುವ ಕೆಲಸ ‘ಜೆಲಿ’ ಎಂಬ ಪರಂಪರಾಗತ ಗಾಯಕರಿಗೆ ಸೇರಿದ್ದು. ಆ ಹಾಡುಗಳ ಹೊಗಳಿಕೆಗೆ ಪಾತ್ರರಾಗುವವರು ಕುಲೀನರು. 1949ರಲ್ಲಿ ಜೋಲಿಬಾ ಊರಿನಲ್ಲಿ ಜನಿಸಿದ ಸಲಿಫ್ ಕೇಯ್ಟಾ, 13ನೇ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಜಾಟಾ ಕೇಯ್ಟಾನ ವಂಶದವರಾದ್ದರಿಂದ, ಅವರು ಗಾಯಕರಾಗುವುದು ಕುಲಕ್ಕೆ ಒಗ್ಗದ ಸಂಗತಿಯಾಗಿತ್ತು. ಮೈಗೆ ಬಣ್ಣ ಕೊಡುವ ಮೆಲನಿನ್ ಹುಟ್ಟಿನಿಂದಲೇ ಕೊರತೆಯಾಗುವ ಆಲ್ಬಿನಿಸಂ ಅವರನ್ನು ಸಮಾಜದ ತಾತ್ಸಾರಕ್ಕೆ ಗುರಿಮಾಡಿತು. ಅದರಿಂದ ಬಂದ ದೃಷ್ಟಿಮಾಂದ್ಯದಿಂದಾಗಿ ಶಿಕ್ಷಕರಾಗುವ ಆಸೆಯೂ ಕೈಗೂಡಲಿಲ್ಲ.

1967ರಲ್ಲಿ ರಾಜಧಾನಿ ಬಮಾಕೊಗೆ ಬಂದು ಬಾರುಗಳಲ್ಲಿ ಹಾಡಿ ಹೊಟ್ಟೆ ಹೊರೆಯುತ್ತಿದ್ದ ಅವರಿಗೆ ನೆಲೆ ಒದಗಿಸಿದ್ದು ವಾದ್ಯತಂಡ. 1960ರಲ್ಲಿ ಸ್ವತಂತ್ರವಾದ ಮಾಲಿಯಲ್ಲಿ ಜನಪದ ಧಾಟಿಗಳನ್ನು ಹೊಸ ವಾದ್ಯಗಳಿಗೆ ಅಳವಡಿಸುವ ತಂಡಗಳಿಗೆ ಸರ್ಕಾರದ ಒತ್ತಾಸೆಯಿತ್ತು. 1970ರಲ್ಲಿ ರೈಲ್ವೆ ಆಡಳಿತದ ಆಶ್ರಯದಲ್ಲಿ ಆರಂಭವಾದ ‘ರೈಲ್ ಬ್ಯಾಂಡ್’ ನಿಲ್ದಾಣದ ಹೋಟೆಲಿನಲ್ಲಿ ನುಡಿಸುತ್ತಿತ್ತು. ಕುಲವು ನಿರಾಕರಿಸಿದ ಹಾಡುಗಾರಿಕೆ ಕೇಯ್ಟಾ ಅವರಿಗೆ ಅಲ್ಲಿ ಸಂಬಳದ ಕೆಲಸವಾಗಿ ದೊರೆಯಿತು. 1973ರಲ್ಲಿ ಅವರು ಸೇರಿದ ‘ಲೆಜ್ ಅಂಬಾಸಡರ್’ ತಂಡದಲ್ಲಿ ಗಿನಿಯ ಗಿಟಾರ್ ವಾದಕ ಕಾಂಟೆ ಮನ್‌ಫಿಲಾ ಜೊತೆಯಾದರು. ರಾಜಕೀಯ ಅಶಾಂತಿಯಿಂದಾಗಿ ಇಬ್ಬರೂ ಐವರಿ ಕೋಸ್ಟಿನ ಅಬಿಜಾನ್‌ಗೆ ತೆರಳಿ, 1978ರಲ್ಲಿ ಧ್ವನಿಮುದ್ರಿಸಿದ ‘ಮಾಂಜು’ ಹಾಡು ಗಿನಿಯ ಅಧ್ಯಕ್ಷ ಸೆಕು ಟೂರೆ ಅವರ ಸ್ತುತಿಯಾಗಿತ್ತು. ಹೊಗಳಿಸಿಕೊಳ್ಳಬೇಕಾದ ವಂಶದವರೇ ಜೆಲಿಗಳ ಕೆಲಸಕ್ಕೆ ಕೈಹಾಕಿದ್ದರು.

1984ರಲ್ಲಿ ಪ್ಯಾರಿಸ್ ಸೇರಿದ ಕೇಯ್ಟಾ, 1987ರಲ್ಲಿ ತಮ್ಮ ಹೆಸರಿನಲ್ಲೇ ‘ಸೊರೊ’ ಆಲ್ಬಮ್ ಹೊರತಂದರು. ನಿರ್ಮಾಪಕ ಇಬ್ರಾಹಿಮಾ ಸಿಲ್ಲಾ ರೂಪಿಸಿದ ಈ ಆಲ್ಬಮ್‌ನಲ್ಲಿ ಮಾಂಡೆ ಧಾಟಿಯ ಏರುಕಂಠಕ್ಕೆ ಸಿಂಥಸೈಜರ್, ಹಿತ್ತಾಳೆ ವಾದ್ಯಗಳು ಮತ್ತು ಫಂಕ್ ಲಯ ಸೇರಿಕೊಂಡವು. ಫಂಕ್ ಎಂದರೆ 1960ರ ದಶಕದಲ್ಲಿ ಜೇಮ್ಸ್ ಬ್ರೌನ್ ಮೊದಲಾದ ಅಮೆರಿಕದ ಕಪ್ಪು ಕಲಾವಿದರು ರೂಪಿಸಿದ, ರಾಗಕ್ಕಿಂತ ಬೇಸ್ ಮತ್ತು ಡ್ರಮ್‌ಗಳ ಹೆಣಿಗೆಗೆ ಒತ್ತು ಕೊಡುವ ಕುಣಿತದ ಸಂಗೀತ. 2002ರ ‘ಮೊಫು’ವಿನಲ್ಲಿ ಅವರು ಈ ವಿದ್ಯುನ್ಮಾನ ಅಬ್ಬರವನ್ನು ಕಳಚಿ ಮರದ ಗಿಟಾರು, ತಂತಿವಾದ್ಯಗಳತ್ತ ಮರಳಿದಾಗಲೂ ಹಾಡಿನ ಜೀವ ಕುಗ್ಗಲಿಲ್ಲ. ವಾದ್ಯಗಳು ಎಷ್ಟೇ ಬದಲಾದರೂ ಜನಪದ ಕಂಠವೇ ಈ ಸಂಗೀತದ ಆಧಾರವೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಕೇಯ್ಟಾ ಅವರನ್ನು ಹೊಸದಾಗಿ ಕೇಳಲು ಬಯಸುವವರು ‘ಮಾಂಜು’, ‘ಸೊರೊ’, ‘ಮೊಫು’ ಮೂರನ್ನೂ ಇದೇ ಅನುಕ್ರಮದಲ್ಲಿ ಕೇಳಬೇಕು.